ಬಡ್ಡಿಗೆ ಮಿತಿ ಹಾಕಿದರೆ ಸಾಲ ಪಡೆದವರಿಗೆ ಒಳ್ಳೆಯದಾಗುತ್ತದಾ?

ನೀವು ಮುಖ್ಯವಾಗಿ ಎರಡು ವಿಷಯ ಕೇಳಿದ್ದೀರಿ. ಬಡ್ಡಿಗೆ ಮಿತಿ ಹಾಕಿದರೆ ಕಂಪನಿಗಳು ಸಾಲ ಕೊಡುವುದನ್ನೇ ನಿಲ್ಲಿಸಿ, ಜನ ಮೀಟರ್ ಬಡ್ಡಿಯವರ ಕೈಗೆ ಬೀಳುವುದಿಲ್ಲವಾ? ಮಿತಿಗಿಂತ ಎಲ್ಲ ವಿವರವನ್ನೂ ಪತ್ರದಲ್ಲಿ ಬರೆದುಕೊಟ್ಟರೆ ಸಾಕಲ್ವಾ, ಸಹಿ ಹಾಕುವವರೇನು ಚಿಕ್ಕ ಮಕ್ಕಳಾ?

ಎರಡನೆಯದು ಸುಲಭ. ಸಾಕಾಗುವುದಿಲ್ಲ.

ವಿವರ ಕೊಡುವುದು ಬೇಡ ಅಂತಲ್ಲ. ಒಂದು ಲಕ್ಷ ಸಾಲ, ಶೇ. 12 ಫ್ಲಾಟ್ ಬಡ್ಡಿ, 12 ಕಂತು ಅಂತಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 9,333 ಕಟ್ಟಬೇಕು. ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ. ನಿಜವಾದ ವಾರ್ಷಿಕ ದರ ಶೇ. 21ಕ್ಕೂ ಜಾಸ್ತಿ. ಪ್ರೊಸೆಸಿಂಗ್ ಫೀ ಅಂತ ಮೊದಲೇ ಎರಡು ಸಾವಿರ ಹಿಡಿದುಕೊಂಡರೆ ಶೇ. 25 ದಾಟುತ್ತದೆ. ಇದನ್ನು ಸಾಲ ಪಡೆಯುವವರೇ ಲೆಕ್ಕ ಹಾಕಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಅಮೆರಿಕದಲ್ಲಿ 1968ರಲ್ಲೇ ಎಲ್ಲ ಖರ್ಚನ್ನೂ ಸೇರಿಸಿ ಒಂದೇ ವಾರ್ಷಿಕ ದರ ಹೇಳಬೇಕು ಎನ್ನುವ ಕಾನೂನು ಬಂತು. ನಮ್ಮಲ್ಲಿ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಎನ್‌ಬಿಎಫ್‌ಸಿಗಳು (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳು) ಜನಸಾಮಾನ್ಯರಿಗೆ ಕೊಡುವ ಅವಧಿ ಸಾಲಗಳಿಗೆಲ್ಲ ಇಂಥ ದರ ಇರುವ ಮುಖ್ಯಾಂಶ ಪತ್ರ ಕೊಡಬೇಕು ಎಂದು ಆರ್‌ಬಿಐ ಕಡ್ಡಾಯ ಮಾಡಿದೆ. ಸಹಿ ಹಾಕುವ ಮುಂಚೆ ಅದನ್ನು ಕೇಳಿ ಪಡೆಯಿರಿ.

ಆದರೆ ಓದಿ ತಿಳಿದ ಮೇಲೆ ಜನ ಬೇರೆ ಥರ ನಡೆದುಕೊಳ್ಳುತ್ತಾರಾ? ಇದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದ 2009ರ ಕ್ರೆಡಿಟ್ ಕಾರ್ಡ್ ಕಾನೂನು ಎರಡು ಕೆಲಸ ಒಟ್ಟಿಗೆ ಮಾಡಿತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ವರ್ಷ ಬೇಕು, 3 ವರ್ಷದಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು ಬಿಲ್ಲಿನಲ್ಲೇ ಬರೆಸಿತು. ಜೊತೆಗೆ ತಡವಾದರೆ, ಮಿತಿ ಮೀರಿದರೆ ಹಾಕುತ್ತಿದ್ದ ಶುಲ್ಕಗಳಿಗೆ ಕಡಿವಾಣ ಹಾಕಿತು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಶುಲ್ಕದ ಕಡಿವಾಣದಿಂದ ಜನರಿಗೆ ವರ್ಷಕ್ಕೆ ಸುಮಾರು 1,190 ಕೋಟಿ ಡಾಲರ್ ಉಳಿಯಿತು. ಬಿಲ್ಲಿನ ಆ ಸಾಲು ಓದಿ 3 ವರ್ಷದ ಕಂತು ಕಟ್ಟಲು ಶುರು ಮಾಡಿದವರು ನೂರಕ್ಕೆ ಒಬ್ಬರೂ ಇಲ್ಲ.

ಇದು ಜನರ ದಡ್ಡತನ ಅಂತ ನನಗನಿಸುವುದಿಲ್ಲ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡೇ ಇಲ್ಲದವರಿಗೆ ಜಾಸ್ತಿ ಕಟ್ಟಿದರೆ ಒಳ್ಳೆಯದು ಎಂದು ಹೇಳಿ ಏನು ಪ್ರಯೋಜನ?

ಹಾಗಾಗಿ ಯಾವುದೇ ನಿಯಮ ಬಂದರೂ ನಾನು ಮೊದಲು ನೋಡುವುದು ಒಂದನ್ನೇ. ಸಾಲ ಕೊಟ್ಟವರಿಗೆ ದುಡ್ಡು ಹುಟ್ಟುವುದು ನಾವು ತೀರಿಸಿದಾಗಲಾ, ತಪ್ಪಿದಾಗಲಾ? ತಪ್ಪಿದಾಗಲೇ ಲಾಭ ಜಾಸ್ತಿ ಎಂದಾದರೆ ನಾವು ತಪ್ಪುವುದನ್ನೇ ಅವರು ಕಾಯುತ್ತಾರೆ. ಆ ಲಾಭವನ್ನು ಕತ್ತರಿಸುವ ನಿಯಮ ಕೆಲಸ ಮಾಡುತ್ತದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆರ್‌ಬಿಐ ನಿಯಮ ಅಂಥದ್ದು. ಕಂತು ತಪ್ಪಿದರೆ ದಂಡದ ಬಡ್ಡಿ ಹಾಕುವಂತಿಲ್ಲ. ದಂಡವನ್ನು ಶುಲ್ಕವಾಗಿ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಎಳೆಯುವಂತಿಲ್ಲ. ಕ್ರೆಡಿಟ್ ಕಾರ್ಡನ್ನು ಇದರಿಂದ ಹೊರಗಿಟ್ಟಿದ್ದು ನನಗೆ ಸರಿ ಕಾಣುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಮಿತಿಯನ್ನು ವಿರೋಧಿಸುವವರ ಮಾತಲ್ಲಿ ನಿಜ ಇದೆ. ವರ್ಷಕ್ಕೆ ಶೇ. 36 ಎಂದರೆ ತುಂಬಾ ಅನಿಸುತ್ತದೆ. ಸಾವಿರ ರೂಪಾಯಿಯನ್ನು ಎರಡು ವಾರಕ್ಕೆ ಕೊಟ್ಟರೆ ಅದರಲ್ಲಿ ಹುಟ್ಟುವುದು 14 ರೂಪಾಯಿಯೂ ಅಲ್ಲ. ಅರ್ಜಿ ನೋಡುವ ಖರ್ಚೂ ಗಿಟ್ಟುವುದಿಲ್ಲ. ಆಗ ಸಣ್ಣ ಸಾಲ ನಿಂತುಹೋಗುತ್ತದೆ, ಇಲ್ಲವೇ ಬಡ್ಡಿ ಇಳಿದು ಶುಲ್ಕ ಏರುತ್ತದೆ.

ಬ್ರಿಟನ್ ಇದಕ್ಕೊಂದು ಜಾಣ ದಾರಿ ಹಿಡಿಯಿತು. ಅಲ್ಲಿ ಸಂಬಳ ಬರುವವರೆಗೆ ಕೊಡುವ ಸಣ್ಣ ಸಾಲಗಳ ವಾರ್ಷಿಕ ದರ ಶೇ. 5,000 ದಾಟಿದ್ದೂ ಉಂಟು. 2015ರ ಜನವರಿಯಿಂದ ಬಡ್ಡಿ, ಶುಲ್ಕ ಎಲ್ಲ ಸೇರಿ ದಿನಕ್ಕೆ ಶೇ. 0.8 ಮಾತ್ರ. ತಪ್ಪಿದರೆ ದಂಡ 15 ಪೌಂಡ್ ಮೀರುವಂತಿಲ್ಲ. ಎಷ್ಟೇ ಎಳೆದರೂ ಬಡ್ಡಿ, ಶುಲ್ಕ, ದಂಡದ ಒಟ್ಟು ಮೊತ್ತ ಅಸಲಿಗಿಂತ ಜಾಸ್ತಿ ಆಗುವಂತಿಲ್ಲ. (ಹಳೆಯ ಹಿಂದೂ ಕಾನೂನಿನ ದಾಮ್‌ದುಪಟ್ ನಿಯಮವೂ ಹೆಚ್ಚುಕಡಿಮೆ ಇದೇ: ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು.) ಆ ಕೊನೆಯ ಮಿತಿಯೇ ಮುಖ್ಯವಾದದ್ದು. ಹಳೇ ಸಾಲ ತೀರಿಸಲು ಹೊಸ ಸಾಲ ಕೊಡುತ್ತಾ ವರ್ಷಗಟ್ಟಲೆ ಸಿಕ್ಕಿಸಿಡುವುದರಲ್ಲಿ ಇದ್ದ ಲಾಭಕ್ಕೇ ಅದು ಏಟು ಕೊಟ್ಟಿತು. 2017ರಲ್ಲಿ ಅಲ್ಲಿನ ನಿಯಂತ್ರಕರು ಮತ್ತೆ ಪರಿಶೀಲಿಸಿದರು. ಸಾಲ ಸಿಗದವರು ಅಕ್ರಮವಾಗಿ ಸಾಲ ಕೊಡುವವರ ಹತ್ತಿರ ಹೋದರು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಮಿತಿ ಮುಂದುವರಿಯಿತು.

ಜಪಾನ್ ಇನ್ನೂ ಬಿಗಿ. 2006ರ ಕಾನೂನು 2010ರಲ್ಲಿ ಪೂರ್ತಿ ಜಾರಿಯಾದಾಗ ಬಡ್ಡಿಯ ಮೇಲ್ಮಿತಿ ಶೇ. 29.2ರಿಂದ ಶೇ. 20ಕ್ಕೆ ಇಳಿಯಿತು. ಲೇವಾದೇವಿ ಕಂಪನಿಗಳೆಲ್ಲ ಸೇರಿ ಒಬ್ಬರಿಗೆ ಕೊಡುವ ಸಾಲ ಅವರ ವರ್ಷದ ಆದಾಯದ ಮೂರನೇ ಒಂದು ಭಾಗ ಮೀರಬಾರದು ಎಂದೂ ಆಯಿತು. ನನಗೆ ಬಡ್ಡಿಯ ಮಿತಿಗಿಂತ ಈ ಎರಡನೆಯದೇ ಹಿಡಿಸುತ್ತದೆ. ಆರ್‌ಬಿಐ ಕೂಡ 2022ರಲ್ಲಿ ಮೈಕ್ರೋಫೈನಾನ್ಸ್ ಬಡ್ಡಿಯ ಮೇಲಿನ ಮಿತಿ ತೆಗೆದು, ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂದಿತು. ತೊಡಕು ಇರುವುದು ಆದಾಯ ಎಷ್ಟು ಎಂದು ಬರೆದುಕೊಳ್ಳುವುದು ಸಾಲ ಕೊಡುವವರೇ ಎನ್ನುವುದರಲ್ಲಿ. ಕೊಡಲೇಬೇಕು ಎಂಬ ಟಾರ್ಗೆಟ್ ಇರುವ ಏಜೆಂಟ್ ಎಷ್ಟು ಬರೆದಾನು? ಕೊನೆಗೆ ಕಿರುಕುಳ ಹೆಚ್ಚಾಗಿ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದು ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು ಎನ್ನಬೇಕಾಯಿತು. ಸಾಲ ಕೊಡುವಾಗ ತಡೆಯಬೇಕಿದ್ದನ್ನು ವಸೂಲಿ ಹೊತ್ತಲ್ಲಿ ಪೊಲೀಸರ ಕೈಗೆ ಕೊಟ್ಟಂತಾಯಿತು.

ನಿಯಮ ಇದ್ದರೂ ಲೋನ್ ಆ್ಯಪ್‌ಗಳ ಕಾಟ ಯಾಕೆ ನಿಂತಿಲ್ಲ ಅಂತ ಕೊನೆಯಲ್ಲಿ ಕೇಳಿದ್ದೀರಿ. 2022ರಿಂದಲೇ ಆ್ಯಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೊ ನೋಡುವಂತಿಲ್ಲ, ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಆದರೆ ಇದು ಆರ್‌ಬಿಐ ಕೈಕೆಳಗಿರುವ ಬ್ಯಾಂಕು, ಕಂಪನಿಗಳಿಗೆ ಮತ್ತು ಅವುಗಳ ಪರವಾಗಿ ಕೆಲಸ ಮಾಡುವವರಿಗೆ. ಪರವಾನಗಿಯೇ ಇಲ್ಲದ ಆ್ಯಪ್‌ಗೆ ಕಳೆದುಕೊಳ್ಳಲು ಏನೂ ಇಲ್ಲ. ಆರ್‌ಬಿಐ ವೆಬ್‌ಸೈಟಿನಲ್ಲಿ 2025ರಿಂದ ನಿಯಂತ್ರಿತ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿ ಇದೆ. ಹೆಸರು ಅಲ್ಲಿಲ್ಲದಿದ್ದರೆ ಮುಟ್ಟಬೇಡಿ. ಪಟ್ಟಿಯಲ್ಲಿದ್ದೂ ಕಾಟ ಕೊಟ್ಟರೆ ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.