ಡ್ರೈವರ್ ಒಳಗೋ, ಹೊರಗೋ?

ಪ್ರಶ್ನೆ: ಬ್ರೌಸರ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ವೈಫೈ ಸಾಧನವನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಡ್ರೈವರ್, ಕೆಟ್ಟರೆ ಇಡೀ ಕಂಪ್ಯೂಟರ್ ಮಲಗಿಬಿಡುತ್ತದೆ. ಹೀಗಿದ್ದೂ ಡ್ರೈವರ್‌ಗಳನ್ನು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಒಳಗೆ ಇಟ್ಟುಕೊಂಡಿರುವುದೇಕೆ? ಎಲ್ಲವನ್ನೂ ಹೊರಗೆ ಹಾಕಿದರೆ ತೊಂದರೆ ತೀರುವುದಿಲ್ಲವೇ?
– ಒಬ್ಬ ವಿದ್ಯಾರ್ಥಿ

ಉತ್ತರ: ತೀರುವುದಿಲ್ಲ. ತೀರುತ್ತದೆಂದು ನಂಬಿ ಕೈ ಸುಟ್ಟುಕೊಂಡವನು ನಾನು.

ಹಿಂದೊಮ್ಮೆ ಅಳತೆಯ ಕಾರ್ಡೊಂದಕ್ಕೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೆ. ಆ ಕಾರ್ಡು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೇ ದತ್ತಾಂಶ ಸುರಿಯುತ್ತಿತ್ತು. ಇದನ್ನೇ ಡಿಎಂಎ ಎನ್ನುವುದು. ಯಂತ್ರ ದಿನಕ್ಕೊಮ್ಮೆಯಾದರೂ ಬೀಳುತ್ತಿತ್ತು, ಅದೂ ಒಂದು ದಿನ ಫೈಲ್ ಸಿಸ್ಟಂನಲ್ಲಿ, ಮರುದಿನ ನೆಟ್‌ವರ್ಕ್ ಭಾಗದಲ್ಲಿ. ದೋಷದ ವರದಿಯಲ್ಲಿ ನನ್ನ ಡ್ರೈವರಿನ ಹೆಸರೇ ಇರುತ್ತಿರಲಿಲ್ಲ. (ಅದನ್ನೇ ಸಹೋದ್ಯೋಗಿಗಳಿಗೆ ತೋರಿಸಿ ನಾನು ನಿರಪರಾಧಿ ಎಂದು ವಾದಿಸಿದ್ದೂ ಉಂಟು.) ಕೊನೆಗೆ ಬೇಸತ್ತು, 2007ರಲ್ಲಿ ಲಿನಕ್ಸಿಗೆ ಸೇರಿದ ಯುಐಒ ಸೌಲಭ್ಯವನ್ನು ಬಳಸಿ, ಬಫರ್ (ಕಾರ್ಡು ದತ್ತಾಂಶ ಸುರಿಯುವ ಮೆಮೊರಿಯ ಜಾಗ) ಒದಗಿಸುವ ಸಣ್ಣ ತುಣುಕನ್ನಷ್ಟೇ ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ಸಾಮಾನ್ಯ ಪ್ರೋಗ್ರಾಂ ಆಗಿ ಹೊರಗೆ ತಂದೆ. ಯಂತ್ರ ಮತ್ತೆ ಬಿತ್ತು.

ತಪ್ಪು ಇಷ್ಟೇ: ಕಾರ್ಡನ್ನು ನಿಲ್ಲಿಸುವ ಮೊದಲೇ ಬಫರನ್ನು ಬಿಟ್ಟುಕೊಡುತ್ತಿದ್ದೆ. ಆ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತಿತ್ತು. ಕಾರ್ಡು ಮಾತ್ರ ಹಳೆಯ ವಿಳಾಸಕ್ಕೇ ಬರೆಯುತ್ತಿತ್ತು. ಪ್ರೋಗ್ರಾಂಗಳ ನಡುವೆ ಬೇಲಿ ಹಾಕುವ ಎಂಎಂಯು, ಪ್ರೊಸೆಸರ್ ಮೂಲಕ ಹೋಗುವವರನ್ನಷ್ಟೇ ತಡೆಯುತ್ತದೆ. ಹಿತ್ತಲಿನಿಂದ ನುಗ್ಗುವ ಸಾಧನ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಿತ್ತಲಿಗೆ ಕಾವಲು ಐಒಎಂಎಂಯು; ನನ್ನ ಯಂತ್ರದಲ್ಲಿ ಅದು ಇರಲಿಲ್ಲ. ಡ್ರೈವರ್ ಹೊರಗೆ ಬಂದಿತ್ತು, ಅದರ ಕೈ ಒಳಗೇ ಇತ್ತು.

ಇನ್ನು ವೇಗದ ಮಾತು. 1992ರಲ್ಲಿ ಮಿನಿಕ್ಸ್ ವ್ಯವಸ್ಥೆ ಬರೆದ ಆಂಡ್ರ್ಯೂ ಟನೆನ್‌ಬಾಮ್ ಮತ್ತು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್, ಡ್ರೈವರುಗಳನ್ನೂ ಹೊರಗಿಡುವ ಪುಟ್ಟ ಕರ್ನಲ್ ಅಂದರೆ ಮೈಕ್ರೋಕರ್ನಲ್ ಬಗ್ಗೆ ಜಗಳವಾಡಿದ ಕಾಲದಿಂದಲೂ, ಹೊರಗೆ ಹಾಕಿದರೆ ಸಂದೇಶಗಳ ಓಡಾಟದಲ್ಲೇ ಸಮಯ ಹೋಗುತ್ತದೆ ಎಂಬ ಆಕ್ಷೇಪಣೆ ಇದೆ. ವಿಂಡೋಸ್ ಎನ್‌ಟಿ 4.0 ಇದೇ ಕಾರಣಕ್ಕೆ 1996ರಲ್ಲಿ ಗ್ರಾಫಿಕ್ಸನ್ನು ಕರ್ನಲ್ ಒಳಗೆ ಎಳೆದುಕೊಂಡಿತು. ವಿಸ್ತಾ ಬಂದಾಗ ಡಿಸ್‌ಪ್ಲೇ ಡ್ರೈವರಿನ ದೊಡ್ಡ ಪಾಲನ್ನು ಮತ್ತೆ ಹೊರಗೆ ತಳ್ಳಲಾಯಿತು. ತಮಾಷೆಯೆಂದರೆ, ಇಂದು ನೆಟ್‌ವರ್ಕ್ ವೇಗದ ಹುಚ್ಚು ಹಿಡಿದವರು ಡಿಪಿಡಿಕೆ ಎಂಬ ತಂತ್ರಾಂಶ ಬಳಸಿ ಡ್ರೈವರನ್ನು ಹೊರಗೆ ತರುತ್ತಾರೆ, ಕರ್ನಲ್ ನಿಧಾನ ಎಂದು!

ಹೊರಗಿದ್ದು ಸತ್ತ ಡ್ರೈವರನ್ನು ಎಬ್ಬಿಸುವುದೂ ಸುಲಭವಲ್ಲ. 2005ರ ಮಿನಿಕ್ಸ್ 3 ಎಂಬ ಮೈಕ್ರೋಕರ್ನಲ್ ವ್ಯವಸ್ಥೆಯಲ್ಲಿ ಅದಕ್ಕೆಂದೇ ರೀಇನ್‌ಕಾರ್ನೇಷನ್ ಸರ್ವರ್ ಇದೆ. ನೆಟ್‌ವರ್ಕ್ ಡ್ರೈವರ್ ಸತ್ತು ಎದ್ದರೆ, ಕಳೆದುಹೋದ ಪ್ಯಾಕೆಟ್‌ಗಳನ್ನು ಟಿಸಿಪಿ ಎಂಬ ನೆಟ್‌ವರ್ಕ್ ನಿಯಮಾವಳಿ ಮತ್ತೆ ಕಳುಹಿಸುತ್ತದೆ. ಅರ್ಧ ಅಚ್ಚಾದ ಪುಟವನ್ನು ಯಾರು ಮತ್ತೆ ಕಳುಹಿಸಬೇಕು? ಡಿಸ್ಕಿನ ಡ್ರೈವರ್ ಸತ್ತರೆ ಹೊಸ ಪ್ರತಿಯನ್ನು ಆ ಡಿಸ್ಕಿನಿಂದಲೇ ಓದಲಾಗದು. ಮೊದಲೇ ಮೆಮೊರಿಯಲ್ಲಿ ಇಟ್ಟುಕೊಂಡಿರಬೇಕು.

ನನ್ನನ್ನು ಕೇಳಿದರೆ, ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಕರ್ನಲ್ ಒಳಗೆ ಕೆಲಸವಿಲ್ಲ. ಲಿನಕ್ಸಿನಲ್ಲಿ ಅವುಗಳ ತಿಳಿವಳಿಕೆಯೆಲ್ಲ ಬಹುಮಟ್ಟಿಗೆ ಹೊರಗೇ ಇದೆ. ಡಿಎಂಎ ಮಾಡುವ ಸಾಧನಕ್ಕೆ ಕಾವಲಿದ್ದರೆ ಅದೂ ಹೊರಗೆ ಬರಲಿ. ಲಿನಕ್ಸಿನ ವಿಎಫ್‌ಐಒ ಸೌಲಭ್ಯ ಇರುವುದೇ ಅದಕ್ಕೆ. ಕಾವಲಿಲ್ಲದಿದ್ದರೆ ಸ್ಥಳ ಬದಲಿಸುವ ಶ್ರಮವನ್ನು ತಪ್ಪು ಹುಡುಕಲು ಬಳಸಿ. ಐಒಎಂಎಂಯುವನ್ನು ನಡೆಸುವ ಡ್ರೈವರ್ ಮಾತ್ರ ಒಳಗೇ ಇರಬೇಕು, ಬೀಗದ ಕೈ ಅದರ ಬಳಿಯೇ ಇರುವುದರಿಂದ.

ನಿಮ್ಮ ಯಂತ್ರದ ಬೂಟ್ ಸಂದೇಶಗಳಲ್ಲಿ ಐಒಎಂಎಂಯು (IOMMU) ಎಂಬ ಪದವನ್ನು ಹುಡುಕಿ ನೋಡಿ. ಸಿಕ್ಕರೆ, ಯಾವ ಸಾಧನ ಯಾವ ಗುಂಪಿನಲ್ಲಿದೆ ಎಂಬುದನ್ನೂ ಗಮನಿಸಿ; ಒಂದೇ ಗುಂಪಿನ ಸಾಧನಗಳನ್ನು ಈ ಕಾವಲು ಬೇರ್ಪಡಿಸಲಾರದು. ವೈಫೈ ಕಾರ್ಡು ಮತ್ತು ಡಿಸ್ಕ್ ನಿಯಂತ್ರಕ ಒಂದೇ ಗುಂಪಿಗೆ ಬಿದ್ದಿದ್ದರೆ, ಒಂದನ್ನು ಒಳಗಿಟ್ಟು ಇನ್ನೊಂದನ್ನು ಸುರಕ್ಷಿತವಾಗಿ ಹೊರಗೆ ಕಳುಹಿಸಲು ನಿಮ್ಮಿಂದಾಗದು.