ಇಲ್ಲದ ಎರಡು ವರ್ಷಗಳ ಅನುಭವ: ಒಂದು ಆಪ್ತಸಲಹೆ ಪ್ರಕರಣ

ಇತ್ತೀಚಿನ ವರ್ಷಗಳಲ್ಲಿ ಉಡುಪಿಯ ನನ್ನ ಕೊಠಡಿಗೆ ಬರುವ ಇಂಜಿನಿಯರಿಂಗ್ ಪದವೀಧರರಲ್ಲಿ ಒಂದೇ ಬಗೆಯ ಸಂಕಟ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ನಿದ್ದೆ ಬರುವುದಿಲ್ಲ, ಎಚ್‌ಆರ್ ವಿಭಾಗದ ಇಮೇಲ್ ಬಂದರೆ ತೆರೆಯಲು ಕೈ ಬರುವುದಿಲ್ಲ, ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಮಾತು ಆರಂಭವಾಗುತ್ತದೆ. ಎರಡು ಮೂರು ಭೇಟಿಗಳಾದ ಮೇಲೆ, ನನ್ನ ಮುಖ ನೋಡದೆ, ‘ಫೇಕ್ ಎಕ್ಸ್‌ಪೀರಿಯನ್ಸ್ ಹಾಕಿ ಸೇರಿದ್ದು ಮೇಡಂ’ ಎಂಬ ಮಾತು ಹೊರಬೀಳುತ್ತದೆ. ಇಂಥವರಲ್ಲಿ ಒಬ್ಬ ಯುವಕನ ಪ್ರಕರಣವನ್ನು ಆತನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಒಪ್ಪದವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಅವರಿಗೂ ಇದರಲ್ಲಿ ಉತ್ತರವಿದೆ.

ಆತ 2023ರಲ್ಲಿ ಬಿ.ಇ. ಮುಗಿಸಿದವನು. ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದ ಕೆಲಸದ ಸೇರ್ಪಡೆ ದಿನಾಂಕ ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ ಪತ್ರವೇ ಬರಲಿಲ್ಲ. ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿದ್ದುಕೊಂಡು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ. ಕಂಡ ಜಾಹೀರಾತುಗಳಲ್ಲೆಲ್ಲ ಎರಡರಿಂದ ನಾಲ್ಕು ವರ್ಷಗಳ ಅನುಭವ ಬೇಕಿತ್ತು. ಆಗ ಪರಿಚಯವಾದ ಮಧ್ಯವರ್ತಿಯೊಬ್ಬ ಹಣ ಪಡೆದು, ಹೆಸರಿಗೆ ಮಾತ್ರ ಇರುವ ಒಂದು ಸಂಸ್ಥೆಯ ನೇಮಕಾತಿ ಪತ್ರ, ಪೇಸ್ಲಿಪ್‌ಗಳು ಮತ್ತು ರಿಲೀವಿಂಗ್ ಲೆಟರ್ ಮಾಡಿಸಿಕೊಟ್ಟ. ಅವುಗಳಲ್ಲಿ ತೋರಿಸಿದ ಎರಡು ವರ್ಷಗಳ ಕೆಲಸ ಆತ ಇನ್ನೂ ಓದುತ್ತಿದ್ದ ಕಾಲಕ್ಕೂ ಚಾಚುತ್ತಿದ್ದರಿಂದ ಪದವಿಯ ವರ್ಷವನ್ನೂ ರೆಸ್ಯೂಮೆಯಲ್ಲಿ ಹಿಂದಕ್ಕೆ ಸರಿಸಬೇಕಾಯಿತು. ಆ ಕಾಗದಗಳ ಬಲದಿಂದ 2024ರಲ್ಲಿ ಮಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪೆನಿಗೆ ಸೇರಿದ. ಸಂದರ್ಶನದಲ್ಲಿ ಕೇಳಿದ್ದಕ್ಕೆಲ್ಲ ಸ್ವಂತ ತಿಳಿವಳಿಕೆಯಿಂದಲೇ ಉತ್ತರಿಸಿದ್ದ. ಸೇರಿದ ಮೇಲೆ ಕೆಲಸವನ್ನೂ ಚೆನ್ನಾಗಿಯೇ ಮಾಡಿದ. ಮನೆಯವರಿಗೆ ಇದಾವುದೂ ತಿಳಿಯದು. ಊರಿನ ಹತ್ತಿರ ಕೆಲಸ ಸಿಕ್ಕಿತು, ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಾನೆ ಎಂಬಷ್ಟೇ ಅವರ ಸಂತೋಷ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 2024ರ ಜನವರಿಯಲ್ಲಿ ಚಾಲನೆಗೊಂಡ ರಾಜ್ಯದ ಯುವನಿಧಿ ಯೋಜನೆಗೆ ಈತ ಅರ್ಹನಾಗಿದ್ದ. 2022-23ರಲ್ಲಿ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಕೊಡುವ ಯೋಜನೆ ಅದು. ಅರ್ಜಿ ಏಕೆ ಹಾಕಲಿಲ್ಲವೆಂದು ಕೇಳಿದಾಗ, ತಾನು ನಿರುದ್ಯೋಗಿ ಎಂದು ಘೋಷಿಸಿಕೊಳ್ಳಲು ನಾಚಿಕೆಯಾಯಿತೆಂದ. ಮಾಡದ ಕೆಲಸವನ್ನು ಮಾಡಿದ್ದೇನೆಂದು ಬರೆಯುವಾಗ ಇಲ್ಲದ ನಾಚಿಕೆ, ಕೆಲಸವಿಲ್ಲ ಎಂಬ ನಿಜವನ್ನು ಬರೆಯುವಾಗ ಬಂತು. ನಮ್ಮ ಕರಾವಳಿಯ ಮನೆಗಳಲ್ಲಿ, ಮದುವೆ ಮುಂಜಿಗಳಲ್ಲಿ, ‘ಮಗ ಈಗ ಎಲ್ಲಿದ್ದಾನೆ’ ಎಂದು ಕೇಳುವವರಿಗೆ ಇದರಲ್ಲಿ ಒಂದಿಷ್ಟು ಪಾಲು ಸಲ್ಲಬೇಕೆಂದು ನನಗೆ ಅನಿಸುತ್ತದೆ.

ನನ್ನ ಬಳಿ ಬರುವ ಹೊತ್ತಿಗೆ ಆತನಿಗೆ ಬೆಂಗಳೂರಿನ ದೊಡ್ಡ ಕಂಪೆನಿಯೊಂದರಿಂದ ಆಫರ್ ಬಂದಿತ್ತು. ಸಂಬಳ ಹೆಚ್ಚುಕಡಿಮೆ ದುಪ್ಪಟ್ಟು. ಅವರು ಹಿನ್ನೆಲೆ ಪರಿಶೀಲನೆಗೆ, ಅಂದರೆ ಈ ಮಕ್ಕಳು ಬಿಜಿವಿ ಎಂದು ಕರೆಯುವುದಕ್ಕೆ, ಭವಿಷ್ಯನಿಧಿಯ ಯುಎಎನ್ ಸಂಖ್ಯೆಯನ್ನೂ ಸೇವಾ ವಿವರವನ್ನೂ ಕೇಳಿದ್ದರು. 2014ರಲ್ಲಿ ಬಂದ ಈ ಹನ್ನೆರಡು ಅಂಕಿಗಳ ಸಂಖ್ಯೆ, ಉದ್ಯೋಗಿ ಎಷ್ಟು ಕಂಪೆನಿ ಬದಲಿಸಿದರೂ ಬದಲಾಗುವುದಿಲ್ಲ; ಯಾವ ಸಂಸ್ಥೆಗೆ ಯಾವ ದಿನ ಸೇರಿದ, ಯಾವ ದಿನ ಬಿಟ್ಟ, ಯಾವ ತಿಂಗಳು ಎಷ್ಟು ಜಮೆಯಾಯಿತು ಎಂಬುದೆಲ್ಲ ಅದರಡಿ ದಾಖಲಾಗುತ್ತದೆ. ಇನ್ನಷ್ಟು ಹಣ ಕೊಟ್ಟರೆ ಪರಿಶೀಲನೆಯ ಕರೆಗೆ ತಾನೇ ಉತ್ತರಿಸುತ್ತೇನೆಂದು ಮಧ್ಯವರ್ತಿ ಮತ್ತೆ ಸಂದೇಶ ಕಳುಹಿಸತೊಡಗಿದ್ದ. ಕೊಡದಿದ್ದರೆ ಏನಾಗಬಹುದು ಎಂಬುದನ್ನು ಆತ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೂರನೆಯ ಭೇಟಿಗೆ ಯುವಕ ಒಂದು ಪ್ಲಾಸ್ಟಿಕ್ ಫೈಲು ತಂದ. ಅದರಿಂದ ಎರಡು ಕಾಗದಗಳನ್ನು ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಒಂದು ಮಧ್ಯವರ್ತಿ ಕೊಟ್ಟ ಪೇಸ್ಲಿಪ್. ಅದರಲ್ಲಿ ಪ್ರತಿ ತಿಂಗಳು 1,800 ರೂಪಾಯಿ ಪಿಎಫ್ ಕಡಿತವಾಗಿದೆಯೆಂದು ಅಚ್ಚಾಗಿತ್ತು. ಪಿಎಫ್ ಲೆಕ್ಕಕ್ಕೆ ಹಿಡಿಯುವ ಸಂಬಳದ ಹದಿನೈದು ಸಾವಿರದ ಮಿತಿಯ ಮೇಲೆ ಶೇಕಡಾ ಹನ್ನೆರಡು ಎಂದರೆ ಬರುವ ಮೊತ್ತ ಸರಿಯಾಗಿ ಅಷ್ಟೇ. ಇನ್ನೊಂದು, ಮಂಗಳೂರಿನ ಕಂಪೆನಿಗೆ ಸೇರಿದ ದಿನ ತುಂಬಿಸಿಕೊಟ್ಟ ಪಿಎಫ್‌ನ 11ನೇ ನಮೂನೆಯ ಪ್ರತಿ. ‘ಈ ಮೊದಲು ಭವಿಷ್ಯನಿಧಿಯ ಸದಸ್ಯರಾಗಿದ್ದಿರಾ’ ಎಂಬ ಪ್ರಶ್ನೆಯ ಮುಂದೆ ಆತ ‘ಇಲ್ಲ’ ಎಂದು ಗುರುತು ಹಾಕಿದ್ದ. ಪೇಸ್ಲಿಪ್ ಎಚ್‌ಆರ್ ಕಡತಕ್ಕೆ ಹೋಯಿತು, ನಮೂನೆ ಲೆಕ್ಕಪತ್ರ ವಿಭಾಗಕ್ಕೆ ಹೋಯಿತು, ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ನೋಡುವವರು ಬಂದಿದ್ದರು.

ಮುಂದಿನ ಮಾತು ಸಿಕ್ಕಿಬೀಳುವ ಭಯದ ಕುರಿತಾಗಿರುತ್ತದೆಂದು ನಾನು ಅಂದುಕೊಂಡಿದ್ದೆ. ಆತ ಬೇರೆಯೇ ಹೇಳಿದ.

‘ಭಯ ಉಂಟು ಮೇಡಂ. ಆದರೆ ಅದಕ್ಕಿಂತ ದೊಡ್ಡದು ಬೇರೆ ಉಂಟು. ಎರಡು ವರ್ಷ ಆಗ್ತಾ ಬಂತು, ನಾನು ಆ ಆಫೀಸಿನಲ್ಲಿ ಯಾರ ಹತ್ರವೂ ಒಂದು ಡೌಟ್ ಕೇಳಿದವನಲ್ಲ.’

ಯಾಕೆ ಎಂದೆ.

‘ಕೇಳುವುದು ಹೇಗೆ? ಅವರ ಲೆಕ್ಕದಲ್ಲಿ ನಾನು ಸೀನಿಯರ್. ಗೊತ್ತಿರಬೇಕಾದದ್ದನ್ನು ಕೇಳಿದರೆ, ಇವನು ಅಲ್ಲಿ ಎರಡು ವರ್ಷ ಎಂತ ಮಾಡಿದ್ದು ಅಂತ ಅನುಮಾನ ಬರುವುದಿಲ್ವಾ?’

ಆಮೇಲೆ ಒಂದು ರಾತ್ರಿಯ ಕಥೆ ಹೇಳಿದ. ಸೇರಿದ ಹೊಸತರಲ್ಲಿ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶದಲ್ಲಿ ರೀಬೇಸ್ ಮಾಡಲು, ಅಂದರೆ ಆ ಬದಲಾವಣೆಗಳನ್ನು ಮರುಜೋಡಿಸಲು ಹೋಗಿ ತನ್ನ ಮೂರು ದಿನಗಳ ಕೆಲಸ ಕಣ್ಣೆದುರೇ ಕಾಣೆಯಾಯಿತು. ಪಕ್ಕದ ಕುರ್ಚಿಯವರನ್ನು ಕೇಳಿದ್ದರೆ ಐದು ನಿಮಿಷದ ಮಾತು. ಕೇಳದೆ, ತಲೆನೋವೆಂದು ಹೇಳಿ ಬೇಗ ಹೊರಟು, ಮನೆಯಲ್ಲಿ ನಸುಕಿನ ಎರಡರವರೆಗೆ ಹುಡುಕಿ, ರಿಫ್ಲಾಗ್ ಎಂಬ ಆದೇಶದಿಂದ ಹಳೆಯ ಕಮಿಟ್‌ಗಳನ್ನು, ಅಂದರೆ ದಾಖಲಿಸಿಟ್ಟ ಬದಲಾವಣೆಗಳನ್ನು, ಮರಳಿ ಪಡೆಯಬಹುದೆಂದು ಕಂಡುಕೊಂಡ. ಆ ಬಳಿಕ ಅದೇ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಗೂ ಹಾಗೆಯೇ ಆಯಿತು. ಆಕೆ ಕುಳಿತಲ್ಲಿಂದಲೇ, ‘ಅಯ್ಯೋ, ನನ್ನ ಕಮಿಟ್ ಎಲ್ಲ ಹೋಯ್ತು, ಯಾರಾದರೂ ಸ್ವಲ್ಪ ನೋಡಿ ಮಾರಾಯ್ರೆ’ ಎಂದು ಕೂಗಿದಳು. ಈತನೇ ಎದ್ದು ಹೋಗಿ ಸರಿಮಾಡಿ ಕೊಟ್ಟ. ತಂಡದ ಮುಖ್ಯಸ್ಥರು ಎಲ್ಲರೆದುರು ಹೊಗಳಿ, ಎಕ್ಸ್‌ಪೀರಿಯನ್ಸ್ ಅಂದರೆ ಇದು ಎಂದರಂತೆ.

‘ಆ ಹುಡುಗಿಯನ್ನು ನೋಡಿ ಹೊಟ್ಟೆ ಉರಿಯಿತು ಮೇಡಂ’ ಎಂದು ಮಾತು ನಿಲ್ಲಿಸಿದ.

ನಾನು ಈ ಪ್ರಕರಣವನ್ನು ನೋಡುವ ದೃಷ್ಟಿ ಬದಲಾದದ್ದು ಈ ಮಾತಿನಿಂದ. ಸುಳ್ಳು ಅನುಭವವನ್ನು ನಾವು ಸಾಮಾನ್ಯವಾಗಿ ಕಂಪೆನಿಗೆ ಮಾಡಿದ ಮೋಸವೆಂದು ನೋಡುತ್ತೇವೆ. ಅದು ಮೋಸವೇ ಹೌದು. ಅದರ ಜೊತೆಗೆ, ವೃತ್ತಿಯ ಮೊದಲ ಎರಡು ಮೂರು ವರ್ಷಗಳಲ್ಲಿ ಮಾತ್ರ ಸಿಗುವ ಒಂದು ಸೌಲಭ್ಯವನ್ನು ಅದು ಕಿತ್ತುಕೊಳ್ಳುತ್ತದೆ. ಫ್ರೆಶರ್ ಆದವನು ತಪ್ಪು ಮಾಡಬಹುದು, ದಡ್ಡತನದ್ದೆನಿಸುವ ಪ್ರಶ್ನೆ ಕೇಳಬಹುದು, ಕೋಡ್ ರಿವ್ಯೂನಲ್ಲಿ ನಲವತ್ತು ಟಿಪ್ಪಣಿಗಳನ್ನು ಹೊತ್ತು ಮರಳಬಹುದು. ಯಾರೂ ಅವನನ್ನು ಹಗುರಾಗಿ ಕಾಣುವುದಿಲ್ಲ. ಸಾಫ್ಟ್‌ವೇರ್ ಕೆಲಸದ ಬಹುಪಾಲು ಕಲಿಕೆ ಹೀಗೆ ಒಬ್ಬರ ಪಕ್ಕ ಒಬ್ಬರು ಕುಳಿತು, ಬೇರೆಯವರ ಕೋಡ್ ಓದಿ, ನಮ್ಮ ಕೋಡ್ ಬೇರೆಯವರು ಓದಿ ನಡೆಯುತ್ತದೆಂದು ಈ ಕ್ಷೇತ್ರದ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆತ ಪ್ರತಿಭಾವಂತನಾದ್ದರಿಂದ ಒಬ್ಬನೇ ಕಲಿತ, ಆದರೆ ಹತ್ತು ನಿಮಿಷದ್ದನ್ನು ಹತ್ತು ಗಂಟೆಯಲ್ಲಿ ಕಲಿತ, ಸರಿಯಾಗಿ ಕಲಿತೆನೋ ಇಲ್ಲವೋ ಎಂಬ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಲಿತ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇಂಥವರಿಗೆ ಕೇಳಲು ಒಂದು ಜಾಗ ಸಿಕ್ಕಿದೆ ಎಂಬುದು ನಿಜ, ಆತನೂ ಕೇಳುತ್ತಿದ್ದ. ಆದರೆ ಗ್ರಾಹಕ ಯಾವುದಕ್ಕೆ ಸಿಟ್ಟಾಗುತ್ತಾನೆ, ಈ ವಿಚಿತ್ರ ಫಂಕ್ಷನ್ನನ್ನು ಹಿಂದೆ ಯಾರು ಯಾವ ಒತ್ತಡದಲ್ಲಿ ಬರೆದರು, ಏಕೆ ಅದನ್ನು ಮುಟ್ಟಬಾರದು ಎಂಬಂಥದ್ದನ್ನು ಪಕ್ಕದ ಕುರ್ಚಿಯವರೇ ಹೇಳಬೇಕು.

ನನ್ನ ಸಲಹೆ ಹೀಗಿತ್ತು. ಬೆಂಗಳೂರಿನ ಆಫರನ್ನು, ವೈಯಕ್ತಿಕ ಕಾರಣವೆಂದು ತಿಳಿಸಿ, ಬಿಟ್ಟುಬಿಡಬೇಕು. ಮಧ್ಯವರ್ತಿಗೆ ಇನ್ನು ಒಂದು ರೂಪಾಯಿಯನ್ನೂ ಕೊಡಬಾರದು. ಆತನ ಸಂದೇಶಗಳನ್ನು ಅಳಿಸಲೂ ಬಾರದು. ರೆಸ್ಯೂಮೆಯಿಂದ ಆ ಎರಡು ವರ್ಷಗಳನ್ನು ತೆಗೆದು, ಪದವಿಯ ವರ್ಷವನ್ನು ಸರಿಪಡಿಸಿ, ಮುಂದೆ ಎಲ್ಲಿ ಅರ್ಜಿ ಹಾಕಿದರೂ 2024ರಿಂದ ಮಂಗಳೂರಿನಲ್ಲಿ ನಿಜವಾಗಿ ಮಾಡಿದ ಕೆಲಸವನ್ನಷ್ಟೇ ತೋರಿಸಬೇಕು. ಸಂಬಳ ಕಡಿಮೆಯಾದರೆ ಆಗಲಿ. ಈಗಿನ ಕಂಪೆನಿಗೆ ನಿಜ ಹೇಳುವ ವಿಚಾರದಲ್ಲಿ ಯಾವುದೇ ಹೆಜ್ಜೆ ಇಡುವ ಮೊದಲು ವಕೀಲರೊಬ್ಬರನ್ನು ಕಾಣಬೇಕು. ಏಕೆಂದರೆ ನಕಲಿ ದಾಖಲೆಯನ್ನು ಅಸಲಿಯೆಂದು ಬಳಸುವುದು ಹಿಂದಿನ ದಂಡ ಸಂಹಿತೆಯಲ್ಲೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧ. ಇವೆಲ್ಲಕ್ಕಿಂತ ಮೊದಲು, ನಾಳೆಯಿಂದಲೇ, ಕಚೇರಿಯಲ್ಲಿ ದಿನಕ್ಕೆ ಒಂದಾದರೂ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು.

ಕೊನೆಯದು ಆತನಿಗೆ ಎಲ್ಲಕ್ಕಿಂತ ಕಷ್ಟವೆನಿಸಿತು. ಆಫರ್ ಬಿಡುವುದಕ್ಕೆ ಅಷ್ಟು ಹೊತ್ತು ಚರ್ಚಿಸಲಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ನಾವು ಕೊಠಡಿಯಲ್ಲೇ ಅಭ್ಯಾಸ ಮಾಡಬೇಕಾಯಿತು. ‘ಇದು ನನಗೆ ಗೊತ್ತಿಲ್ಲ, ಸ್ವಲ್ಪ ತೋರಿಸ್ತೀರಾ’ ಎಂಬ ಸರಳ ವಾಕ್ಯವನ್ನು ನೆಪಗಳಿಲ್ಲದೆ, ‘ಮರೆತುಹೋಗಿದೆ’ ಎಂಬ ಸುಳ್ಳು ಸೇರಿಸದೆ ಹೇಳಲು ಆತನಿಗೆ ಸಮಯ ಹಿಡಿಯಿತು.

ಇನ್ನು ಆಕ್ಷೇಪಗಳ ಮಾತು. ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುವ ಪರಿಚಿತರೊಬ್ಬರೊಂದಿಗೆ ಇಂಥ ಪ್ರಕರಣಗಳ ಬಗ್ಗೆ, ಯಾರದೆಂದು ಹೇಳದೆ, ಮಾತಾಡಿದಾಗ ಅವರು ಸಿಟ್ಟಾದರು. ಒಬ್ಬ ಪ್ರಾಮಾಣಿಕ ಅಭ್ಯರ್ಥಿಗೆ ಸಿಗಬೇಕಾದ ಕುರ್ಚಿಯಲ್ಲಿ ಕುಳಿತವನನ್ನು ನೀವು ಕಾಪಾಡುತ್ತಿದ್ದೀರಿ ಎಂದರು. ಕುರ್ಚಿಯ ಮಾತು ಸತ್ಯ. ಅದನ್ನು ನಾನು ಆ ಯುವಕನಿಗೂ ಹೇಳಿದ್ದೇನೆ, ಆತ ಅಳುವಷ್ಟು ನೇರವಾಗಿ ಹೇಳಿದ್ದೇನೆ. ಆದರೆ ಕೊಠಡಿಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಅಧಿಕಾರ ನನಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕೆಂದೇ ಗುರುತಿಸಿದೆ. ಇತರರಿಗೆ ಆಗಬಹುದಾದ ಹಾನಿಯನ್ನು ತಪ್ಪಿಸುವಂಥ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿಯಿದೆ. ಈತ ಮಾಡುತ್ತಿರುವುದು ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶ. ಆಸ್ಪತ್ರೆಯ ಉಪಕರಣಕ್ಕೆ ತಂತ್ರಾಂಶ ಬರೆಯುವವನು, ಗೊತ್ತಿಲ್ಲದ್ದನ್ನು ಕೇಳದೆ ಬರೆಯುತ್ತಿದ್ದೇನೆ ಎಂದು ಹೇಳಿದ್ದರೆ ನನ್ನ ನಿಲುವು ಬೇರೆಯಾಗುತ್ತಿತ್ತು.

ಸಹೋದ್ಯೋಗಿಯೊಬ್ಬರ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ತಕ್ಷಣ ತಪ್ಪೊಪ್ಪಿಕೊಳ್ಳಲು ಹೇಳದೆ ವಕೀಲರತ್ತ ಕಳುಹಿಸಿದ್ದು ಜಾರಿಕೊಳ್ಳಲು ದಾರಿ ತೋರಿಸಿದಂತಾಯಿತು ಎಂದರು ಅವರು. ನಾನು ಒಪ್ಪುವುದಿಲ್ಲ. ತಪ್ಪೊಪ್ಪಿಗೆಯ ಮರುದಿನ ಕೆಲಸ ಹೋಗಬಹುದು, ಪೊಲೀಸ್ ದೂರಾಗಬಹುದು, ಮನೆಯಲ್ಲಿ ತಿಳಿಯಬಹುದು. ಇವನ್ನೆಲ್ಲ ಎಣಿಸಿ ನೋಡಿ ಹೇಳಿದ ಸತ್ಯಕ್ಕೆ ಆತ ಕೊನೆಯವರೆಗೆ ನಿಲ್ಲಬಲ್ಲ. ನನ್ನ ಒತ್ತಾಯಕ್ಕೆ ಹೇಳಿದ ಸತ್ಯಕ್ಕೆ ನಿಲ್ಲುತ್ತಾನೆಂಬ ಭರವಸೆ ನನಗಿರಲಿಲ್ಲ, ಅದರಲ್ಲೂ ನಿದ್ದೆಯಿಲ್ಲದೆ ಕಂಗೆಟ್ಟ ಆ ದಿನಗಳಲ್ಲಿ. ಆತ ವಕೀಲರನ್ನು ಕಂಡಿದ್ದಾನೆ. ಕಂಪೆನಿಗೆ ಇನ್ನೂ ಹೇಳಿಲ್ಲ. ಪ್ರತಿ ಭೇಟಿಯಲ್ಲೂ ಆ ವಿಷಯ ಎತ್ತುತ್ತೇನೆ, ಆತ ಬೇಸರ ಪಟ್ಟುಕೊಂಡರೂ ಎತ್ತುತ್ತೇನೆ.

ಅನುಭವವಿಲ್ಲದವರಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ದೂರನ್ನು ಈ ಮಕ್ಕಳು ಹೇಳಿದಾಗ ನಾನು ತಳ್ಳಿಹಾಕುವುದಿಲ್ಲ. ಆರಂಭದ ಹುದ್ದೆಗೂ ಮೂರು ವರ್ಷದ ಅನುಭವ ಕೇಳುವ ಕಂಪೆನಿಗಳು ಈ ದಂಧೆಗೆ ಗೊಬ್ಬರ ಹಾಕುತ್ತಿವೆ. ಆದರೂ ಮಣಿಪಾಲ, ಉಡುಪಿ, ಮಂಗಳೂರುಗಳಲ್ಲಿ ಸಣ್ಣ ತಂತ್ರಾಂಶ ಸಂಸ್ಥೆಗಳು ಸಾಕಷ್ಟಿವೆ. ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸ್ಟೈಪೆಂಡ್ ಸಹಿತ ತರಬೇತಿಯ ವ್ಯವಸ್ಥೆಯೂ ಇದೆ. ಅಲ್ಲಿ ಕಡಿಮೆ ಹಣಕ್ಕೆ ಕಳೆದ ಒಂದು ವರ್ಷದಲ್ಲಿ ಪ್ರಶ್ನೆ ಕೇಳಲು ಯಾರ ಹೆದರಿಕೆಯೂ ಇರುವುದಿಲ್ಲ.

ಈಗಾಗಲೇ ಹಣ ಕೊಟ್ಟು ಕಾಗದ ಮಾಡಿಸಿಕೊಂಡು, ಇನ್ನೂ ಎಲ್ಲಿಯೂ ಕೊಡದವರು ಅದನ್ನು ಕೊಡದೆಯೇ ಇರಲಿ. ಹೋದ ಹಣ ಹೋಯಿತು. ಕೊಟ್ಟು ಸೇರಿಬಿಟ್ಟವರು ಮಧ್ಯವರ್ತಿಯ ಬೆದರಿಕೆಗೆ ಮಣಿಯುವ ಮೊದಲು ಕಾನೂನು ಸಲಹೆ ಪಡೆಯಲಿ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವಿಗೆ ತಮಗೆ ಅರ್ಹತೆಯಿದೆಯೇ ಎಂದು ವಿಚಾರಿಸಬಹುದು. ರಾತ್ರಿ ನಿದ್ದೆಯಿಲ್ಲದೆ ಬದುಕೇ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.