ಸಂಪಾದಕರ ಉತ್ತರ: ‘ಒಳ್ಳೆಯ ಹತ್ತು ಪುಸ್ತಕಗಳ ಪಟ್ಟಿ ಕೊಡಿ’

ಕಾಪುವಿನ ಓದುಗರೊಬ್ಬರ ಪತ್ರ ಬಂದಿದೆ. ಉದ್ದದ ಪತ್ರವಾದ್ದರಿಂದ ಸಾರಾಂಶವನ್ನಷ್ಟೇ ಕೊಡುತ್ತಿದ್ದೇವೆ. ಹತ್ತು ವರ್ಷದ ಮಗ, ಆರು ವರ್ಷದ ಮಗಳು. ಇಬ್ಬರನ್ನೂ ಕಳೆದ ಜೂನ್‌ನಿಂದ ಮನೆಯಲ್ಲೇ ಓದಿಸುತ್ತಿದ್ದಾರೆ. ಯಜಮಾನರಿಗೆ ಹಡಗಿನಲ್ಲಿ ಕೆಲಸ, ವರ್ಷದ ಅರ್ಧ ಊರಲ್ಲಿರುವುದಿಲ್ಲ. ಮನೆಯಲ್ಲಿ ಅತ್ತೆ, ಮಾವ ಇದ್ದಾರೆ. ಮನೆಮಾತು ತುಳು. ಹೊಗಳಿದ ವಿಮರ್ಶೆಗಳನ್ನು ಓದಿ ಅಮೆರಿಕದ ಪಠ್ಯಕ್ರಮವೊಂದರ ಇಡೀ ವರ್ಷದ ಪೆಟ್ಟಿಗೆ ತರಿಸಿದರು. ಕಸ್ಟಮ್ಸ್ ಸುಂಕ ಸೇರಿ ಖರ್ಚು ಮೂವತ್ತು ಸಾವಿರ ದಾಟಿತು. ಈಗ ಮಗ ಗಣಿತದ ಪುಸ್ತಕ ಕಂಡರೆ ಅಳುತ್ತಾನೆ, ಮಗಳು ಕತ್ತರಿಸಿ ಅಂಟಿಸುವ ಹಾಳೆಗಳನ್ನೆಲ್ಲ ಎರಡು ವಾರದಲ್ಲಿ ಮುಗಿಸಿ ಕೂತಿದ್ದಾಳೆ, ಕನ್ನಡ ಕಲಿಸಲು ಕೈಗೆ ಏನೂ ಸಿಕ್ಕಿಲ್ಲ. ಮಾವನದ್ದು ದಿನಾ ಒಂದೇ ರಾಗ, ‘ಶಾಲೆಗೆ ಸೇರಿಸು.’ ಮುಂದೆ ಪರೀಕ್ಷೆಗೆ ಏನು ಗತಿ, ಕಾನೂನು ಒಪ್ಪುತ್ತದೆಯೇ ಅಂತಲೂ ಕೇಳುತ್ತಾರೆ. ಪತ್ರ ಬರೆದ ಓದುಗರು ನಮ್ಮನ್ನು ಕೇಳುವುದು ಇಷ್ಟು: ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳಿಗಾಗಿ ನಿಮ್ಮ ಪತ್ರಿಕೆ ಒಳ್ಳೆಯ ಹತ್ತು ಪುಸ್ತಕಗಳ ಪಟ್ಟಿ ಯಾಕೆ ಕೊಡಬಾರದು? ನಮ್ಮಂಥ ತಾಯಂದಿರು ವಿಮರ್ಶೆ ಬರೆದರೆ ಪ್ರಕಟಿಸುತ್ತೀರಾ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಖಂಡಿತ ಪ್ರಕಟಿಸುತ್ತೇವೆ, ಕೆಲವು ಷರತ್ತುಗಳಿವೆ, ಕೊನೆಯಲ್ಲಿ ಹೇಳುತ್ತೇನೆ. ಪಟ್ಟಿ ಮಾತ್ರ ಕೊಡುವುದಿಲ್ಲ. ಹತ್ತು ಹೆಸರು ಒಟ್ಟುಮಾಡಲು ನಮಗೆ ಅರ್ಧ ದಿನ ಸಾಕು, ಪ್ರಕಾಶಕರಿಂದ ಎರಡು ಜಾಹೀರಾತೂ ಬಂದಾವು. ಆದರೆ ನೀವು ನಂಬಿ ದುಡ್ಡು ಹಾಕಿದ ವಿಮರ್ಶೆಗಳಲ್ಲಿ ಯಾವ ಮಾಹಿತಿ ಇರಲಿಲ್ಲವೋ ಅದು ನಮ್ಮ ಪಟ್ಟಿಯಲ್ಲೂ ಇರಲಾರದು. ಮಗುವಿನ ಪಕ್ಕದಲ್ಲಿ ದೊಡ್ಡವರು ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಅನ್ನುವ ಲೆಕ್ಕ ಅದು.

ನಿಮ್ಮ ಪೆಟ್ಟಿಗೆಯಲ್ಲಿ ಶಿಕ್ಷಕರ ಕೈಪಿಡಿ ಇದ್ದೇ ಇರುತ್ತದೆ. ಇಂಥ ಕೈಪಿಡಿಗಳಲ್ಲಿ ಎಷ್ಟೋ, ಹಿಂದಿನ ರಾತ್ರಿ ಯಾರೋ ಅದನ್ನು ಓದಿ, ಬೇಕಾದ ಸಾಮಾನು ಜೋಡಿಸಿಟ್ಟು, ಬೆಳಿಗ್ಗೆ ಹೇಳಿಕೊಟ್ಟ ಮಾತುಗಳನ್ನೇ ಮಗುವಿನ ಎದುರು ಆಡುತ್ತಾರೆ ಎಂಬ ಭರವಸೆಯ ಮೇಲೆ ಬರೆದವು. ಒಂದು ಮಗು, ಇಬ್ಬರು ದೊಡ್ಡವರು ಇರುವ ಮನೆಯಲ್ಲಿ ಅದು ನಡೆದೀತು. ಎರಡು ಮಕ್ಕಳು, ಎರಡು ತರಗತಿ, ನಾಲ್ಕೈದು ವಿಷಯ, ಒಬ್ಬರೇ ನೀವು. ನಡುವೆ ಮಾವನ ಗಂಜಿ ಊಟದ ಹೊತ್ತು, ಅತ್ತೆಯ ಮಾತ್ರೆ. ಹೀಗಿರುವಾಗ ಯಾವ ಪುಸ್ತಕವೂ ಸೋಲುತ್ತದೆ ಮಾರಾಯ್ರೇ. ಹಾಗಾಗಿ ಇನ್ನು ಮುಂದೆ ಏನನ್ನಾದರೂ ಕೊಳ್ಳುವ ಮೊದಲು ಅದರ ಒಂದು ಪಾಠವನ್ನು ಪೂರ್ತಿ ಮಾಡಿ ನೋಡಿ, ಗಡಿಯಾರ ಇಟ್ಟುಕೊಂಡು. ಹೆಚ್ಚಿನ ಪ್ರಕಾಶಕರು ಮಾದರಿ ಪಾಠ ಕೊಡುತ್ತಾರೆ. ಕೊಡದವರ ಪುಸ್ತಕ ಬಿಟ್ಟರೂ ನಷ್ಟವಿಲ್ಲ. ಪಾಠ ಮುಗಿದ ಮೇಲೆ ನಿಮ್ಮ ಸಿದ್ಧತೆಯ ನಿಮಿಷ, ಪಕ್ಕದಲ್ಲಿ ಕೂತ ನಿಮಿಷ, ಮಗು ತಾನಾಗಿ ಮಾಡಿದ ನಿಮಿಷ, ಮೂರನ್ನೂ ಬರೆದಿಡಿ. ಪುಸ್ತಕದ ನಿಜವಾದ ಬೆಲೆ ಅದರಲ್ಲಿ ಕಾಣುತ್ತದೆ.

ಮಗನ ಅಳುವಿನ ವಿಷಯ. ಗಣಿತ ಬಾರದ್ದಕ್ಕೆ ಅಳುತ್ತಾನೋ, ಗಣಿತವನ್ನು ಮುಚ್ಚಿಟ್ಟಿರುವ ಬೇರೇನಕ್ಕೋ ಅಳುತ್ತಾನೋ ಅಂತ ಮೊದಲು ನೋಡಬೇಕು. ಅಮೆರಿಕದ ಗಣಿತದ ಪುಸ್ತಕದಲ್ಲಿ ಅಳತೆ ಇಂಚು, ಔನ್ಸು, ಗ್ಯಾಲನ್‌ಗಳಲ್ಲಿ ಇರುತ್ತದೆ. ಬಿಸಿಲಿನ ಲೆಕ್ಕ ಫ್ಯಾರನ್‌ಹೀಟ್‌ನಲ್ಲಿ. ಚಿಲ್ಲರೆ ಲೆಕ್ಕ ಬಂದರೆ ಒಂದು ‘ಕ್ವಾರ್ಟರ್’ಗೆ 25 ಸೆಂಟ್ ಅಂತ ಗೊತ್ತಿರಬೇಕು. ದೊಡ್ಡ ಸಂಖ್ಯೆಗೆ ಬಂದರೆ ಅಲ್ಪವಿರಾಮವೇ ಬೇರೆ ಜಾಗದಲ್ಲಿ: ನಾವು 1,00,000 ಬರೆಯುವಲ್ಲಿ ಅವರು 100,000 ಬರೆಯುತ್ತಾರೆ. ಅಂಗಡಿಯ ಚೀಟಿ, ಕರೆಂಟ್ ಬಿಲ್ ಎಲ್ಲ ನೋಡಿ ಬೆಳೆದ ಹುಡುಗನಿಗೆ ಪ್ರತಿ ಲೆಕ್ಕದಲ್ಲೂ ಮೊದಲು ದೇಶ ದಾಟುವ ಕೆಲಸ. ಅಂಥ ಪುಟಗಳನ್ನು ಬಿಟ್ಟು, ಬರೀ ಸಂಖ್ಯೆಗಳಿರುವ ಒಂದು ಪುಟ ಕೊಟ್ಟು ನೋಡಿ. ಆಗಲೂ ಅತ್ತರೆ ಎರಡು ತರಗತಿ ಹಿಂದಿನ ಪುಸ್ತಕಕ್ಕೆ ಇಳಿಯಿರಿ, ನಾಚಿಕೆ ಬೇಡ. ಮನೆಯಲ್ಲಿ ಓದಿಸುವುದರ ದೊಡ್ಡ ಲಾಭವೇ ಅದು; ಯಾರೂ ನೋಡುವುದಿಲ್ಲ.

ಭಿನ್ನರಾಶಿಗೆ, ಅಪವರ್ತನಕ್ಕೆ ಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ತರಿಸುವ ಮೊದಲು ಮಾವನನ್ನು ಒಂದು ಮಾತು ಕೇಳಿ. ನಮ್ಮ ಕಡೆಯ ಹಳೆಯ ಲೆಕ್ಕದಲ್ಲಿ ಅಕ್ಕಿ ಅಳೆಯುವುದು ಮುಡಿ, ಕಳಸೆಗಳಲ್ಲಿ: ಮುಡಿಗೆ 42 ಸೇರು, ಕಳಸೆಗೆ 14 ಸೇರು. ಮುಡಿಗೆ ಎಷ್ಟು ಕಳಸೆ? ಗೇಣಿ ಅಳೆಯುವಾಗ ಅರ್ಧ ಕಳಸೆ ಕಡಿಮೆ ಬಿದ್ದರೆ ಮುಡಿಯ ಎಷ್ಟನೇ ಒಂದು ಪಾಲು ಹೋಯಿತು? 42ನ್ನು ಮೂರು, ಆರು, ಏಳು ಜನರಿಗೆ ಸರಿಯಾಗಿ ಹಂಚಬಹುದು, ಐದು ಜನರಿಗೆ ಯಾಕೆ ಆಗುವುದಿಲ್ಲ? ಕುಚ್ಚಲಕ್ಕಿಯ ಡಬ್ಬ, ಒಂದು ಸೇರು, ಒಬ್ಬ ಅಜ್ಜ ಇಷ್ಟಿದ್ದರೆ ಒಂದು ವಾರದ ಪಾಠ ಆಗುತ್ತದೆ. ‘ಶಾಲೆಗೆ ಸೇರಿಸು’ ಎನ್ನುವ ಮಾವನಿಗೂ ಕೈಗೊಂದು ಕೆಲಸ ಸಿಗುತ್ತದೆ, ಅದೇನು ಸಣ್ಣ ಲಾಭವಲ್ಲ.

ಇನ್ನು ಕನ್ನಡ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸಿಗುವುದೂ ಅತಿ ಹೆಚ್ಚು ಕೆಟ್ಟಿರುವುದೂ ಕನ್ನಡ ಅಕ್ಷರ ಕಲಿಸುವ ಪುಸ್ತಕಗಳೇ. ದಪ್ಪ ರಟ್ಟು, ಹೊಳೆಯುವ ಬಣ್ಣ, ಅ-ಅಗಸ, ಆ-ಆನೆ ಎಂದು ಶುರು. ಏಳನೇ ಚಿತ್ರಕ್ಕೆ ಋ ಬರುತ್ತದೆ, ಗಡ್ಡ ಬಿಟ್ಟ ಋಷಿ ಬರುತ್ತಾನೆ. ಮುಂದೆ ಙ, ಞ ಬಂದಾಗ ಚಿತ್ರ ಬರೆಯುವವರಿಗೇ ಏನು ಬರೆಯಬೇಕೆಂದು ತೋಚುವುದಿಲ್ಲ. ವರ್ಣಮಾಲೆಯ ಕ್ರಮ ಸುಂದರವಾದದ್ದು, ಬಾಯಿಪಾಠ ಮಾಡಿಸಿ, ನಿಘಂಟು ನೋಡುವಾಗ ಬೇಕೇ ಬೇಕು. ಓದಲು ಕಲಿಯುವ ಮಗುವಿಗೆ ಮಾತ್ರ ಅದು ದೂರದ ದಾರಿ. ಸ್ವರಗಳೆಲ್ಲ ಮುಗಿದು ಕ ವರ್ಗಕ್ಕೆ ಬರುವವರೆಗೂ ಓದಲು ನೆಟ್ಟಗೆ ನಾಲ್ಕು ಪದ ಸಿಗುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ ಪದ್ಧತಿ ಅದು. ಅದರಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಬರೀ ಐದಕ್ಷರ. ಮಗಳ ಎದುರು ಈ ಅಕ್ಷರಗಳ ಚೀಟಿ ಇಡಿ, ಎಷ್ಟು ಪದ ಆಗುತ್ತದೆ ನೋಡಿ: ಸರ, ರಸ, ದರ, ಅರಸ, ಅಗಸ, ದಸರ, ಗದಗ. ಗುಣಿತ ಬೇಡ, ಒತ್ತಕ್ಷರ ಬೇಡ, ಮೊದಲ ವಾರದಲ್ಲೇ ಮಗು ‘ಅರಸ’ ಎಂದು ತಾನೇ ಓದಿ ನಿಮ್ಮ ಮುಖ ನೋಡುತ್ತದೆ. ಹಾಗಾಗಿ ಕನ್ನಡ ಪ್ರೈಮರ್ ಕೈಗೆತ್ತಿಕೊಂಡಾಗ ಚಿತ್ರ ನೋಡಬೇಡಿ. ಹತ್ತನೇ ಪುಟ ತೆರೆಯಿರಿ. ಅಷ್ಟರೊಳಗೆ ಕಲಿಸಿದ ಅಕ್ಷರಗಳಿಂದಲೇ ಮಗು ಎಷ್ಟು ಪದ ಓದಬಲ್ಲದು ಎಂದು ಎಣಿಸಿ. ಗುಣಿತಾಕ್ಷರಕ್ಕೆ ಪುಸ್ತಕ ಎಷ್ಟು ಪುಟ ಕೊಟ್ಟಿದೆ ನೋಡಿ. ಕಿ-ಕೀ, ಕೆ-ಕೇ ವ್ಯತ್ಯಾಸಕ್ಕೆ ಒಂದೇ ಪುಟದ ಕೋಷ್ಟಕ ಕೊಟ್ಟು ಮುಗಿಸಿದ್ದರೆ ಆ ಕೆಲಸ ಪೂರ್ತಿ ನಿಮ್ಮ ತಲೆಗೆ ಬಿತ್ತೆಂದೇ ಲೆಕ್ಕ. ತುಳು ಮಾತಾಡುವ ಮಗುವಿಗೆ ಪದದ ಅರ್ಥವೂ ಕೆಲವೊಮ್ಮೆ ಹೊಸದು. ತುಳುವಿನಲ್ಲೇ ಹೇಳಿಕೊಡಿ, ಕನ್ನಡಕ್ಕೆ ಏನೂ ಆಗುವುದಿಲ್ಲ.

ಅಕ್ಷರ ಕೂಡಿಸಿ ಓದಲು ಬಂದಮೇಲೆ ಬೇಕಾಗುವುದು ರಾಶಿ ರಾಶಿ ಸಣ್ಣ ಕತೆಗಳು. ಅದಕ್ಕೆ ದುಡ್ಡು ಬೇಡ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಓದಿನ ಹಂತದ ಪ್ರಕಾರ ಸಿಗುತ್ತವೆ, ಇಳಿಸಿಕೊಳ್ಳಬಹುದು, ಮುದ್ರಿಸಬಹುದು. ಅನುವಾದದ ಮಟ್ಟ ಒಂದೇ ಸಮ ಇಲ್ಲ, ಆದ್ದರಿಂದ ಮಗುವಿಗೆ ಕೊಡುವ ಮೊದಲು ಜೋರಾಗಿ ಒಮ್ಮೆ ಓದಿ. ನಿಮ್ಮ ನಾಲಿಗೆ ತಡವರಿಸಿದರೆ ಬಿಡಿ. ರಾಜ್ಯದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ, ಕೇಂದ್ರದ ಪಠ್ಯಪುಸ್ತಕ ತರುವ ಎನ್‌ಸಿಇಆರ್‌ಟಿಯವು ಅವರ ತಾಣದಲ್ಲಿ ಪುಕ್ಕಟೆ ಇವೆ. ಎಲ್ಲವನ್ನೂ ಝೆರಾಕ್ಸ್ ಅಂಗಡಿಗೆ ಒಯ್ದು ಬಣ್ಣದಲ್ಲಿ ಮುದ್ರಿಸಲು ಹೋಗಬೇಡಿ, ಪುಕ್ಕಟೆಯದ್ದು ಪುಸ್ತಕಕ್ಕಿಂತ ದುಬಾರಿಯಾಗುತ್ತದೆ. ಪಠ್ಯಪುಸ್ತಕವನ್ನು ಪಾಠಕ್ಕೆ ಬಳಸದಿದ್ದರೂ ಈ ವಯಸ್ಸಿಗೆ ಎಷ್ಟು ಗೊತ್ತಿರಬೇಕು ಎಂದು ಅಳೆಯಲು ಒಂದು ಪ್ರತಿ ಮನೆಯಲ್ಲಿರಲಿ.

ವಿಜ್ಞಾನದ ಪುಸ್ತಕವನ್ನು ಪರೀಕ್ಷಿಸಲು ನಮ್ಮ ಊರೇ ಒಂದು ಒಳ್ಳೆಯ ಸಾಧನ. ನಿಮ್ಮ ಪೆಟ್ಟಿಗೆಯ ಪುಸ್ತಕದಲ್ಲಿ ನೆರಳಿನ ಪಾಠ ಇದ್ದರೆ ತೆರೆದು ನೋಡಿ. ‘ನಡುಮಧ್ಯಾಹ್ನ ನಿನ್ನ ನೆರಳು ಉತ್ತರಕ್ಕೆ ಬೀಳುತ್ತದೆ’ ಎಂಬ ಅರ್ಥದ ಮಾತು ಬಹುಶಃ ಇದೆ. ಅಮೆರಿಕದ ನೆಲದ ಬಹುಪಾಲಿಗೆ ಅದು ವರ್ಷವಿಡೀ ನಿಜ. ಮಂಗಳೂರು, ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24–25ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ನಡುಭಾಗ ದಾಟುವವರೆಗೆ ಮಧ್ಯಾಹ್ನದ ನೆರಳು ಬೀಳುವುದು ದಕ್ಷಿಣಕ್ಕೆ. ಮತ್ತೆ ಆಗಸ್ಟ್‌ನಲ್ಲೂ ಒಂದು ದಿನ ನೆರಳು ಮಾಯವಾಗುತ್ತದೆ. ಆಗ ಬಿಸಿಲು ಕಂಡರೆ ನಿಮ್ಮ ಪುಣ್ಯ. ಪುಸ್ತಕದ ಮಾತು ಮತ್ತು ಅಂಗಳದ ಕೋಲು ಎರಡನ್ನೂ ಎದುರುಬದುರು ಇಟ್ಟು ‘ಯಾಕೆ ಹೀಗೆ?’ ಎಂದು ಮಗನನ್ನು ಕೇಳಿ. ಹತ್ತು ವರ್ಷದವನಿಗೆ ಗ್ಲೋಬ್, ಟಾರ್ಚು ಕೊಟ್ಟರೆ ಉತ್ತರ ಹುಡುಕಿಕೊಳ್ಳುತ್ತಾನೆ. ಪುಸ್ತಕ ತಪ್ಪೆಂದು ಎಸೆಯಬೇಕಾಗಿಲ್ಲ, ಅದನ್ನು ಬೇರೆ ಊರಿನ ಮಕ್ಕಳಿಗಾಗಿ ಬರೆದದ್ದು ಅಂತ ಅವನಿಗೆ ಗೊತ್ತಾದರೆ ಸಾಕು.

ಜ್ವಾಲಾಮುಖಿಯ ಪಾಠವೂ ಹೀಗೆಯೇ. ಕಿಟ್ ಮಾರುವವರಿಗೆ ಅಡುಗೆ ಸೋಡಾ, ವಿನೆಗರ್ ಬೆರೆಸಿ ಕೆಂಪು ನೊರೆ ಉಕ್ಕಿಸುವುದೆಂದರೆ ಪ್ರಾಣ. ನೋಡಲು ಮಜವೇ. ಆದರೆ ಅಲ್ಲಿ ನಡೆಯುವುದು ಆಮ್ಲ ಮತ್ತು ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್ ಹೊರಬರುವ ಕ್ರಿಯೆ, ಲಾವಾಕ್ಕೂ ಅದಕ್ಕೂ ಸಂಬಂಧವಿಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸುಮಾರು 8.8 ಕೋಟಿ ವರ್ಷ ಹಿಂದಿನ ನಿಜವಾದ ಲಾವಾ ಕಂಬಗಳ ಮೇಲೆ ಕಾಲಿಡಬಹುದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲಕ್ಕೆ ಸೇರಿದ ಬಂಡೆಗಳಿವು. ಲಾವಾ ತಣಿಯುತ್ತ ಕುಗ್ಗಿ ಸೀಳಿದ್ದರಿಂದ ಐದು, ಆರು, ಏಳು ಮೂಲೆಯ ಕಂಬಗಳಾದವು. ಮೂಲೆ ಎಣಿಸುವ ಕೆಲಸ ಮಗಳಿಗೆ ಕೊಡಿ. ಮನೆಗೆ ಬಂದು, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಟ್ಟಲಲ್ಲಿ ಕೆಲವು ದಿನ ಬಿಸಿಲಿಗೆ ಒಣಗಿಸಿದರೆ ಅದರೊಳಗೂ ಅಂಥವೇ ಪುಟ್ಟ ಕಂಬಗಳು ಮೂಡುತ್ತವೆ. ಮಳೆಗಾಲದಲ್ಲಿ ದೋಣಿಯೂ ಇಲ್ಲ, ಬಿಸಿಲೂ ಇಲ್ಲ, ಆಗ ಮಂಗಳೂರಿನ ಹತ್ತಿರ ಮೂಡುಶೆಡ್ಡೆಯ ಪಿಲಿಕುಳಕ್ಕೆ ಹೋಗಿ: ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ನೆರಳಿನ ಪಾಠ ಆದ ಮೇಲೆ ತಾರಾಲಯಕ್ಕೆ ಹೋದರೆ ಮಗನಿಗೆ ಕೇಳಲು ಪ್ರಶ್ನೆಗಳಿರುತ್ತವೆ.

ಪರೀಕ್ಷೆ, ಕಾನೂನಿನ ಬಗ್ಗೆ ಮಾವ ಕೇಳುವ ಪ್ರಶ್ನೆಗೆ ಚಿಕ್ಕ ಉತ್ತರ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆ ಹೇಳುವುದಿಲ್ಲ, ಹೋಮ್‌ಸ್ಕೂಲಿಂಗ್ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ಮಾವನ ಮಾತನ್ನು ಬರೀ ಹಟ ಎಂದು ತಳ್ಳಿಹಾಕಬೇಡಿ. ಮುಂದೆ ಹತ್ತನೇ ತರಗತಿಯ ಸರ್ಟಿಫಿಕೇಟ್ ಬೇಕಾದಾಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಓಎಸ್, ಇದೆ. ಹದಿನಾಲ್ಕು ತುಂಬಿದವರು ಸೇರಬಹುದು. ಕನಿಷ್ಠ ಐದು ವಿಷಯ, ಒಂದಾದರೂ ಭಾಷೆ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ. ನಿಮ್ಮ ಮಗನಿಗೆ ಇನ್ನೂ ನಾಲ್ಕು ವರ್ಷ ಇದೆ, ಈಗಲೇ ಆ ಪುಸ್ತಕಗಳನ್ನು ತಂದು ರಾಶಿ ಹಾಕಬೇಡಿ.

ಇನ್ನು ವಿಮರ್ಶೆಯ ಷರತ್ತು. ಆರುನೂರು ಪದ, ಕನ್ನಡದಲ್ಲಿ. ಒಂದು ಸಾಮಗ್ರಿಯನ್ನು ಕನಿಷ್ಠ ಆರು ವಾರ ನಿಮ್ಮ ಮಗುವಿನ ಜೊತೆ ಬಳಸಿದ ಮೇಲೆ ಬರೆಯಿರಿ. ಮಗುವಿನ ಹೆಸರು ಬೇಡ. ವಯಸ್ಸು, ಮನೆಮಾತು, ಅದಕ್ಕೆ ಮೊದಲು ಏನು ಬರುತ್ತಿತ್ತು ಎಂಬುದು ಬೇಕು. ನಿಮ್ಮ ಹೊತ್ತು ಎಷ್ಟು ಹೋಯಿತು ಎಂಬ ಲೆಕ್ಕವಿಲ್ಲದ ವಿಮರ್ಶೆ ಹಿಂತಿರುಗುತ್ತದೆ. ಯಾವ ಪಾಠ ಮಧ್ಯದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಬರೆಯಿರಿ. ಪುಸ್ತಕವನ್ನು ಎರಡನೇ ಮಗುವಿಗೆ ಬಳಸಬಹುದೇ, ಒಮ್ಮೆ ಬರೆದರೆ ಮುಗಿಯಿತೇ ತಿಳಿಸಿ. ಪ್ರಕಾಶಕರು ಪುಕ್ಕಟೆ ಕಳಿಸಿದ್ದಾದರೆ ಮೊದಲ ಸಾಲಿನಲ್ಲೇ ಹೇಳಿ. ‘ಅದ್ಭುತ’, ‘ಪ್ರತಿ ಮನೆಯಲ್ಲೂ ಇರಲೇಬೇಕು’ ಮುಂತಾದವನ್ನು ನಾವೇ ಹೊಡೆದುಹಾಕುತ್ತೇವೆ, ನಿಮ್ಮ ಶ್ರಮ ಉಳಿಯಲಿ. ಸಂಭಾವನೆ ಸಣ್ಣದಿದೆ, ಆದರೆ ಇದೆ. ಯಾವ ತಿಂಗಳಾದರೂ ಹತ್ತನೇ ತಾರೀಕಿನೊಳಗೆ ಕಚೇರಿಗೆ ತಲುಪಿದರೆ ಮುಂದಿನ ಸಂಚಿಕೆಗೆ ನೋಡುತ್ತೇವೆ.